ಕಳೆದ ಕಾಲವನ್ನು ಹೇಳುವ ಬಗೆ

ಮನುಷ್ಯನ ಮಾತಿನಲ್ಲಿ ಒಂದು ದೊಡ್ಡ ಭಾಗ ನಡೆದುಹೋದ ಸಂಗತಿಗಳನ್ನು ಕುರಿತದ್ದೇ ಆಗಿರುತ್ತದೆ. ಸಂತೆಯಿಂದ ಬಂದವನು ಏನು ಕೊಂಡೆನೆಂದು ಹೇಳುತ್ತಾನೆ. ಹೊಲದಿಂದ ಬಂದವಳು ಎಷ್ಟು ಕೆಲಸ ಮುಗಿಯಿತೆಂದು ಹೇಳುತ್ತಾಳೆ. ಅಜ್ಜಿಯು ಹಿಂದಿನ ಬರಗಾಲದ ಕಥೆಯನ್ನು ಹೇಳುತ್ತಾಳೆ. ಆದ್ದರಿಂದ ಹೊಸ ಭಾಷೆಯೊಂದನ್ನು ಕಲಿಯುವವನು ಅದರ ಭೂತಕಾಲವನ್ನು ಕಲಿಯುವವರೆಗೆ ಆ ಭಾಷೆಯಲ್ಲಿ ತನ್ನ ಬದುಕನ್ನು ಹೇಳಿಕೊಳ್ಳಲಾರನು. ಹೆಸರುಗಳನ್ನು ಕಲಿಯುವುದು ಸುಲಭ. ಹಣ್ಣು, ನೀರು, ಮನೆ ಎಂಬುವಕ್ಕೆ ಬೇರೆ ಭಾಷೆಯ ಪದಗಳನ್ನು ಬಾಯಿಪಾಠ ಮಾಡಬಹುದು. 'ತಿಂದೆನು', 'ಕುಡಿದೆನು', 'ಬಂದೆನು' ಎಂಬುವನ್ನು ಸರಿಯಾಗಿ ಹೇಳುವುದು ಮಾತ್ರ ಸುಲಭವಲ್ಲ. ಏಕೆಂದರೆ ಕಳೆದ ಕಾಲವನ್ನು ನೋಡುವ ಬಗೆಯೇ ಒಂದೊಂದು ಭಾಷೆಯಲ್ಲಿ ಒಂದೊಂದು ತೆರನಾಗಿದೆ.

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಮಿರಜದಿಂದ ಬೆಳಗಾವಿಗೆ ಹೋಗುವ ರೈಲು ಹಾದಿಯ ಮೇಲೆ ಶೇಡಬಾಳವೆಂಬ ಊರಿದೆ. ಹಿಂದೆ ಅಥಣಿ ತಾಲೂಕಿಗೆ ಸೇರಿದ್ದ ಈ ಊರು ಈಗ ಕಾಗವಾಡ ತಾಲೂಕಿನಲ್ಲಿದೆ. ರಾಜ್ಯದ ಗಡಿಯು ಇಲ್ಲಿಂದ ದೂರವಿಲ್ಲ. ಶೇಡಬಾಳ, ಕಾಗವಾಡ, ಉಗಾರ, ಚಿಕ್ಕೋಡಿ, ನಿಪ್ಪಾಣಿಗಳ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಮುಸಲ್ಮಾನರ ಮನೆಗಳಲ್ಲಿ ದಖನಿ ಉರ್ದುವಿದೆ. ಶಾಲೆಯಲ್ಲಿ ಹಿಂದಿ ಮತ್ತು ಇಂಗ್ಲಿಷ್ ಕಲಿಯಬೇಕು. ಇಲ್ಲಿಯ ವಿದ್ಯಾರ್ಥಿಯೊಬ್ಬನು ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಮೂರು ನಾಲ್ಕು ಬಗೆಯ ಭೂತಕಾಲಗಳನ್ನು ಕಿವಿಯಿಂದ ಕೇಳಿರುತ್ತಾನೆ. ಅವುಗಳ ಒಳಗಿನ ನಿಯಮವನ್ನು ಅರಿತರೆ ಅವನಿಗೆ ಜಗತ್ತಿನ ಯಾವ ಭಾಷೆಯ ಭೂತಕಾಲವೂ ಅಪರಿಚಿತವಾಗಿ ಉಳಿಯುವುದಿಲ್ಲ.

ಮೊದಲು ಕನ್ನಡವನ್ನೇ ನೋಡಬಹುದು. ಕನ್ನಡದ ಕ್ರಿಯಾಪದದಲ್ಲಿ ಮೂರು ಭಾಗಗಳಿವೆ: ಧಾತು, ಕಾಲವನ್ನು ಸೂಚಿಸುವ ಪ್ರತ್ಯಯ, ಕರ್ತೃವನ್ನು ಸೂಚಿಸುವ ಪ್ರತ್ಯಯ. 'ಮಾಡಿದನು' ಎಂಬಲ್ಲಿ 'ಮಾಡು' ಧಾತು. 'ದ' ಎಂಬುದು ಭೂತಕಾಲವನ್ನು ತಿಳಿಸುತ್ತದೆ. 'ಅನು' ಎಂಬುದು ಮಾಡಿದವನು ಒಬ್ಬ ಗಂಡಸೆಂದು ತಿಳಿಸುತ್ತದೆ. 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಈ 'ದ' ಕಾರವನ್ನು ಭೂತಕಾಲದ ಗುರುತೆಂದು ವಿವರಿಸಿ, ಕನ್ನಡದ ಧಾತುಗಳ ಪಟ್ಟಿಯನ್ನೂ ಕೊಟ್ಟನು. ಸ್ಪ್ಯಾನಿಷ್ ಭಾಷೆಗೆ ಆಂತೊನಿಯೊ ದೆ ನೆಬ್ರಿಹಾ ಎಂಬ ವಿದ್ವಾಂಸನು ವ್ಯಾಕರಣವನ್ನು ಬರೆದು ಪ್ರಕಟಿಸಿದ್ದು 1492ರಲ್ಲಿ. ಅದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ಕನ್ನಡದ ಕ್ರಿಯಾಪದಗಳ ಶಾಸ್ತ್ರವು ಸಿದ್ಧವಾಗಿತ್ತು.

ಕನ್ನಡವನ್ನು ತಾಯಿಯ ಬಾಯಿಂದ ಕಲಿತವನಿಗೆ ಅದರ ಭೂತಕಾಲದ ಕಷ್ಟವು ತಿಳಿಯದು. ಮರಾಠಿ ಮನೆಯ ಬಾಲಕನು ಕನ್ನಡವನ್ನು ಕಲಿಯಲು ಕುಳಿತಾಗ ಆ ಕಷ್ಟವು ಕಾಣುತ್ತದೆ. 'ಹೇಳು' ಎಂಬುದು 'ಹೇಳಿದನು' ಎಂದಾಗುತ್ತದೆ. ಆದರೆ 'ಏಳು' ಎಂಬುದು 'ಎದ್ದನು', 'ಕೀಳು' ಎಂಬುದು 'ಕಿತ್ತನು'. ಮೂರೂ ಧಾತುಗಳ ಕೊನೆಯಲ್ಲಿ 'ಳು' ಇದ್ದರೂ ಭೂತಕಾಲದಲ್ಲಿ ಮೂರು ದಾರಿ ಹಿಡಿಯುತ್ತವೆ. 'ನಿಲ್ಲು' 'ನಿಂತನು' ಆಗುತ್ತದೆ. 'ಕೊಲ್ಲು' 'ಕೊಂದನು' ಆಗುತ್ತದೆ. 'ಗೆಲ್ಲು' 'ಗೆದ್ದನು' ಆಗುತ್ತದೆ. ಇವನ್ನು ಒಂದೊಂದಾಗಿ ಕಲಿಯದೆ ಗತ್ಯಂತರವಿಲ್ಲ.

ಆದರೂ ಎಲ್ಲವೂ ಗೊಂದಲವಲ್ಲ. 'ಡು' ಕಾರದಲ್ಲಿ ಕೊನೆಗೊಳ್ಳುವ ಎರಡಕ್ಷರದ ಧಾತುಗಳನ್ನು ಸಾಲಾಗಿ ಬರೆದು ನೋಡಿದರೆ ಒಂದು ಕ್ರಮವು ತಾನಾಗಿ ತೋರುತ್ತದೆ. ಕೊಡು, ಇಡು, ಬಿಡು, ಸುಡು, ನೆಡು, ಉಡು, ಕೆಡು ಎಂಬುವು ಕೊಟ್ಟನು, ಇಟ್ಟನು, ಬಿಟ್ಟನು, ಸುಟ್ಟನು, ನೆಟ್ಟನು, ಉಟ್ಟನು, ಕೆಟ್ಟನು ಎಂದಾಗುತ್ತವೆ. ಮಾಡು, ನೋಡು, ಹಾಡು, ಓಡು, ಬೇಡು ಎಂಬುವು ಮಾಡಿದನು, ನೋಡಿದನು, ಹಾಡಿದನು, ಓಡಿದನು, ಬೇಡಿದನು ಎಂದಾಗುತ್ತವೆ. ಮೊದಲನೆಯ ಗುಂಪಿನಲ್ಲಿ ಮೊದಲ ಅಕ್ಷರವು ಹ್ರಸ್ವ, ಎರಡನೆಯದರಲ್ಲಿ ದೀರ್ಘ. 'ಗು' ಕಾರದ ಧಾತುಗಳಲ್ಲಿಯೂ ಇದೇ ಕ್ರಮವಿದೆ. ನಗು, ಸಿಗು, ಹೊಗು ಎಂಬುವು ನಕ್ಕನು, ಸಿಕ್ಕನು, ಹೊಕ್ಕನು ಎಂದಾಗುತ್ತವೆ. ಕೂಗು, ತೂಗು, ಬಾಗು ಎಂಬುವು ಕೂಗಿದನು, ತೂಗಿದನು, ಬಾಗಿದನು ಎಂದಾಗುತ್ತವೆ. 'ಆಗು', 'ಹೋಗು' ಎಂಬುವು ಮಾತ್ರ 'ಆದನು', 'ಹೋದನು' ಎಂದು ತಮ್ಮದೇ ದಾರಿ ಹಿಡಿಯುತ್ತವೆ. ಅತಿ ಹೆಚ್ಚು ಬಳಕೆಯಾಗುವ ಪದಗಳೇ ನಿಯಮವನ್ನು ಮೀರುವುದು ಅನೇಕ ಭಾಷೆಗಳಲ್ಲಿ ಕಂಡುಬರುವ ಸಂಗತಿ. ಇಂಗ್ಲಿಷಿನಲ್ಲಿ 'ಗೋ' ಎಂಬುದರ ಭೂತಕಾಲವಾದ 'ವೆಂಟ್' ಮೂಲದಲ್ಲಿ 'ವೆಂಡ್' ಎಂಬ ಬೇರೊಂದು ಧಾತುವಿನ ರೂಪವಾಗಿತ್ತು. ಸ್ಪ್ಯಾನಿಷಿನಲ್ಲಿ 'ಫುಯಿ' ಎಂಬ ಒಂದೇ ರೂಪಕ್ಕೆ 'ಹೋದೆನು' ಎಂಬ ಅರ್ಥವೂ 'ಆಗಿದ್ದೆನು' ಎಂಬ ಅರ್ಥವೂ ಉಂಟು.

ಇನ್ನು ಶೇಡಬಾಳದ ಕನ್ನಡ ವಿದ್ಯಾರ್ಥಿಯು ಹಿಂದಿಯನ್ನು ಕಲಿಯುವಾಗ ಎದುರಿಸುವ ತೊಡಕನ್ನು ನೋಡಬಹುದು. 'ರಾಮನು ಮಾವಿನ ಹಣ್ಣನ್ನು ತಿಂದನು. ರಾಮನು ರೊಟ್ಟಿಯನ್ನು ತಿಂದನು.' ಕನ್ನಡದಲ್ಲಿ ತಿಂದ ವಸ್ತು ಯಾವುದಾದರೂ ಕ್ರಿಯಾಪದವು ಬದಲಾಗದು. ತಿಂದವನು ರಾಮ, ಆದ್ದರಿಂದ 'ತಿಂದನು'. ಸೀತೆಯಾದರೆ 'ತಿಂದಳು'. ಹಿಂದಿಯಲ್ಲಿ ಹಾಗಲ್ಲ. 'ರಾಮ್ ನೇ ಆಮ್ ಖಾಯಾ' ಎನ್ನಬೇಕು. 'ರಾಮ್ ನೇ ರೋಟೀ ಖಾಯೀ' ಎನ್ನಬೇಕು. 'ಆಮ್' ಪುಲ್ಲಿಂಗ, 'ರೋಟೀ' ಸ್ತ್ರೀಲಿಂಗ. ಸಕರ್ಮಕ ಕ್ರಿಯೆಯು ಪೂರ್ಣಗೊಂಡ ಭೂತಕಾಲದಲ್ಲಿ ಕರ್ತೃವಿಗೆ 'ನೇ' ಹತ್ತುತ್ತದೆ; ಕ್ರಿಯಾಪದವು ಕರ್ತೃವನ್ನು ಬಿಟ್ಟು ಕರ್ಮವನ್ನು ಅನುಸರಿಸುತ್ತದೆ. ಆದರೆ 'ರಾಮ್ ಗಯಾ', 'ಸೀತಾ ಗಯೀ' ಎಂಬ ಅಕರ್ಮಕಗಳಲ್ಲಿ 'ನೇ' ಇಲ್ಲ. 'ರಾಮ್ ರೋಟೀ ಖಾತಾ ಥಾ' ಎಂಬಲ್ಲಿ ಕ್ರಿಯೆಯು ಸಕರ್ಮಕವಾದರೂ ಪೂರ್ಣಗೊಂಡಿಲ್ಲ. ಆದ್ದರಿಂದ ಅಲ್ಲಿಯೂ 'ನೇ' ಇಲ್ಲ. 'ಲಾನಾ', 'ಭೂಲ್ನಾ' ಎಂಬುವು ಸಕರ್ಮಕಗಳಾದರೂ 'ನೇ'ಯನ್ನು ಬಯಸುವುದಿಲ್ಲ. 'ಲಾನಾ' ಎಂಬುದು 'ತೆಗೆದುಕೊಂಡು ಬರುವುದು' ಎಂಬ ಜೋಡುಪದದಿಂದ ಹುಟ್ಟಿದ್ದು. ಅದರ ಕೊನೆಯಲ್ಲಿರುವ 'ಬರುವುದು' ಅಕರ್ಮಕವಾದ್ದರಿಂದ ಇಡೀ ಪದವು ಅಕರ್ಮಕದ ನಡೆಯನ್ನೇ ಉಳಿಸಿಕೊಂಡಿದೆ.

ಕನ್ನಡ ವಿದ್ಯಾರ್ಥಿಯು ಈ ನಿಯಮವನ್ನು ಮರೆತು 'ಮೈಂ ರೋಟೀ ಖಾಯಾ' ಎಂದು ಬರೆಯುತ್ತಾನೆ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಕೆಲವೊಮ್ಮೆ ಸಹಪಾಠಿಗಳ ನಗೆಗೂ ಗುರಿಯಾಗುತ್ತಾನೆ. ಆದರೆ ಅದು ಬುದ್ಧಿಯ ಕೊರತೆಯಿಂದ ಹುಟ್ಟಿದ ತಪ್ಪಲ್ಲ. ಕ್ರಿಯಾಪದವು ಕರ್ತೃವನ್ನೇ ಅನುಸರಿಸಬೇಕೆಂಬ ಕನ್ನಡದ ನಿಯಮವನ್ನು ಅವನು ಹಿಂದಿಯ ಮೇಲೆ ಹೊರಿಸಿದ್ದಾನೆ, ಅಷ್ಟೆ. ಮರಾಠಿ ಬಲ್ಲ ವಿದ್ಯಾರ್ಥಿಗೆ ಈ ತೊಡಕು ಅಷ್ಟಾಗಿ ಬಾಧಿಸದು. ಏಕೆಂದರೆ ಮರಾಠಿಯಲ್ಲಿಯೂ 'ರಾಮಾನೇ ಆಂಬಾ ಖಾಲ್ಲಾ', 'ರಾಮಾನೇ ಭಾಕರೀ ಖಾಲ್ಲೀ' ಎಂದೇ ಹೇಳುವರು. ಆದ್ದರಿಂದ ಓಣಿಯಲ್ಲಿ ಮರಾಠಿ ಕೇಳಿ ಬೆಳೆದ ಕನ್ನಡ ಬಾಲಕನ ಕೈಯಲ್ಲಿ ಹಿಂದಿಯ ಕೀಲಿಕೈ ಆಗಲೇ ಇರುತ್ತದೆ. 'ಭಾಕರೀ ಖಾಲ್ಲೀ' ಎಂಬುದು ನೆನಪಾದರೆ 'ರೋಟೀ ಖಾಯೀ' ಎಂಬುದು ತಪ್ಪಿಹೋಗದು.

ಕ್ರಿಯಾಪದವು ಕರ್ಮವನ್ನು ಹಿಂಬಾಲಿಸುವ ಈ ವಿಚಿತ್ರವು ಹೇಗೆ ಹುಟ್ಟಿತು? ಸಂಸ್ಕೃತದಲ್ಲಿ ಕಳೆದ ಕಾಲವನ್ನು ಹೇಳಲು ಹಲವು ರೂಪಗಳಿದ್ದವು. ಅವುಗಳ ಜೊತೆಗೆ 'ರಾಮೇಣ ಗ್ರಂಥಃ ಪಠಿತಃ', 'ರಾಮೇಣ ಕಥಾ ಪಠಿತಾ' ಎಂಬ ಕರ್ಮಣಿ ಪ್ರಯೋಗವೂ ಬಳಕೆಯಲ್ಲಿತ್ತು. 'ರಾಮನಿಂದ ಗ್ರಂಥವು ಓದಲ್ಪಟ್ಟಿತು, ಕಥೆಯು ಓದಲ್ಪಟ್ಟಿತು' ಎಂಬುದು ಇವುಗಳ ಅರ್ಥ. ಇಲ್ಲಿ 'ಪಠಿತ' ಎಂಬುದು ಓದಲ್ಪಟ್ಟ ವಸ್ತುವಿನ ಲಿಂಗವನ್ನು ಹೊಂದುವುದು ಸಹಜವೇ ಆಗಿದೆ. ಕಾಲ ಕಳೆದಂತೆ ಪ್ರಾಕೃತ ಭಾಷೆಗಳಲ್ಲಿ ಹಳೆಯ ಭೂತಕಾಲದ ರೂಪಗಳು ಬಹುಮಟ್ಟಿಗೆ ಮರೆಯಾಗಿ ಈ ಪ್ರಯೋಗವೇ ನೆಲೆನಿಂತಿತು. ಅದರಿಂದ ಹಿಂದಿ, ಮರಾಠಿಗಳ ಭೂತಕಾಲವು ಬೆಳೆದು ಬಂದಿತು. 'ರೋಟೀ ಖಾಯೀ' ಎನ್ನುವ ಬಾಲಕನು ತನಗೆ ಅರಿವಿಲ್ಲದೆಯೇ ಎರಡು ಸಾವಿರ ವರ್ಷಗಳಷ್ಟು ಹಳೆಯ ಒಂದು ವಾಕ್ಯರಚನೆಯನ್ನು ಬಳಸುತ್ತಿರುತ್ತಾನೆ.

ಈ ಇತಿಹಾಸವನ್ನು ಬೆಳಗಿದ ವಿದ್ವಾಂಸರಲ್ಲಿ ಇದೇ ಸೀಮೆಯವರೊಬ್ಬರು ಹಿರಿಯ ಹೆಸರು ಪಡೆದಿದ್ದಾರೆ. ಚಿಕ್ಕೋಡಿಯ ಹತ್ತಿರದ ಸದಲಗಾ ಗ್ರಾಮದಲ್ಲಿ 1906ರಲ್ಲಿ ಜನಿಸಿದ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರು ಪ್ರಾಕೃತದ ಅನೇಕ ಗ್ರಂಥಗಳನ್ನು ಹಸ್ತಪ್ರತಿಗಳಿಂದ ಸಂಶೋಧಿಸಿ ಪ್ರಕಟಿಸಿದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಅವರು ಸಂಪಾದಿಸಿದ ಗ್ರಂಥಗಳಲ್ಲಿ ಉದ್ಯೋತನ ಸೂರಿಯ 'ಕುವಲಯಮಾಲಾ' ಒಂದು. ಕ್ರಿ.ಶ. 779ರಲ್ಲಿ ರಚಿತವಾದ ಈ ಪ್ರಾಕೃತ ಕಥೆಯಲ್ಲಿ ನಾನಾ ದೇಶದ ವ್ಯಾಪಾರಿಗಳು ಸೇರಿದ ಪೇಟೆಯ ವರ್ಣನೆಯಿದೆ. ಒಂದೊಂದು ನಾಡಿನವರ ಬಾಯಲ್ಲಿ ಅವರವರ ಮಾತಿನ ತುಣುಕನ್ನು ಕವಿಯು ಇಟ್ಟಿದ್ದಾನೆ. ಮಹಾರಾಷ್ಟ್ರದ ವ್ಯಾಪಾರಿಗಳ ಬಾಯಲ್ಲಿ ಇಟ್ಟಿರುವುದು 'ಕೊಟ್ಟದ್ದು, ತೆಗೆದುಕೊಂಡದ್ದು' ಎಂಬರ್ಥದ ಎರಡು ಪದಗಳನ್ನು. ಅವುಗಳ ಕೊನೆಯಲ್ಲಿ 'ಲ' ಕಾರವಿದೆ. 'ದಿಲಾ', 'ಗೇಲಾ', 'ಖಾಲ್ಲಾ' ಎಂಬ ಇಂದಿನ ಮರಾಠಿಯ ಭೂತಕಾಲದಲ್ಲಿ ಕೇಳುವುದು ಇದೇ 'ಲ' ಕಾರ. ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಹೊರಗಿನವರ ಕಿವಿಗೆ ಮರಾಠಿಯ ಗುರುತಾಗಿ ಕೇಳಿಸಿದ್ದು ಅದರ ಭೂತಕಾಲವೇ ಎಂಬುದು ಗಮನಿಸತಕ್ಕ ವಿಷಯ.

ಭಾಷೆಗಳು ಒಂದೇ ಊರಿನಲ್ಲಿ ಬಹುಕಾಲ ನೆರೆಹೊರೆಯಾಗಿ ಬಾಳಿದರೆ ಒಂದರ ನಿಯಮವು ಇನ್ನೊಂದಕ್ಕೆ ಹರಿಯುತ್ತದೆ. ದಖನಿ ಉರ್ದುವಿನ ಅನೇಕ ಆಡುಮಾತುಗಳಲ್ಲಿ 'ನೇ' ಬಿಟ್ಟುಹೋಗಿದೆ. ಅಲ್ಲಿ ಕ್ರಿಯಾಪದವು ಕನ್ನಡದಂತೆ ಕರ್ತೃವನ್ನೇ ಅನುಸರಿಸುತ್ತದೆ. ದೆಹಲಿಯ ವ್ಯಾಕರಣಕ್ಕೆ ತಪ್ಪೆನಿಸುವ 'ಮೈಂ ರೋಟೀ ಖಾಯಾ' ಎಂಬ ಮಾತು ದಖನಿಯ ಮನೆಗಳಲ್ಲಿ ಸಹಜವಾದ ಮಾತು. ಶೇಡಬಾಳಕ್ಕೆ ಸಮೀಪದಲ್ಲಿ, ಸಾಂಗಲಿ-ಮಿರಜಗಳ ಮಗ್ಗುಲಲ್ಲಿರುವ ಕುಪವಾಡವು ಈ ವಿಷಯದಲ್ಲಿ ಜಗತ್ಪ್ರಸಿದ್ಧವಾಗಿದೆ. ಅಲ್ಲಿ ಜೈನರು ಕನ್ನಡವನ್ನು, ಮುಸಲ್ಮಾನರು ಉರ್ದುವನ್ನು, ಹಗ್ಗ ಹೊಸೆಯುವ ಒಂದು ಚಿಕ್ಕ ಸಮುದಾಯದವರು ತೆಲುಗನ್ನು, ಉಳಿದ ಕೆಲವರು ಮರಾಠಿಯನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿದ್ದರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಆ ಊರಿನ ಮಾತುಗಳನ್ನು ಅಭ್ಯಸಿಸಿ 1971ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಪದಗಳು ಬೇರೆ ಬೇರೆಯಾಗಿ ಉಳಿದಿದ್ದರೂ ವಾಕ್ಯಗಳ ಕಟ್ಟು ಬಹುಮಟ್ಟಿಗೆ ಒಂದೇ ಆಗಿಬಿಟ್ಟಿದೆಯೆಂದು ಅವರು ತೋರಿಸಿಕೊಟ್ಟರು. ಒಂದು ಭಾಷೆಯ ಪದವನ್ನು ತೆಗೆದು ಅದೇ ಜಾಗದಲ್ಲಿ ಇನ್ನೊಂದು ಭಾಷೆಯ ಪದವನ್ನಿಟ್ಟರೆ ವಾಕ್ಯವು ಸರಿಹೋಗುತ್ತಿತ್ತು. ಪ್ರತಿಯೊಬ್ಬರೂ ತಮ್ಮ ಮನೆಮಾತನ್ನು ಬಿಡಲಿಲ್ಲ. ನೆರೆಯವನ ಮಾತನ್ನು ದೂರವೂ ಇಡಲಿಲ್ಲ. ಅದರ ಫಲವೇ ಈ ಹೊಂದಾಣಿಕೆ.

ಆದ್ದರಿಂದ ವಿದ್ಯಾರ್ಥಿಯು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಅರಿಯಬೇಕು. ಪುಸ್ತಕದ ಹಿಂದಿಯನ್ನು ಬರೆಯುವಾಗ 'ನೇ'ಯ ನಿಯಮವನ್ನು ಪಾಲಿಸಲೇಬೇಕು. ಆದರೆ ನೆರೆಮನೆಯ ಅಜ್ಜಿಯು ದಖನಿಯಲ್ಲಿ ಅದನ್ನು ಪಾಲಿಸದಿದ್ದರೆ ಆಕೆಗೆ ಭಾಷೆ ಬಾರದೆಂದು ತಿಳಿಯಬಾರದು. ಆಕೆಯ ಮಾತಿಗೆ ಆಕೆಯದೇ ನಿಯಮವಿದೆ.

ಇಂಥ ಎಚ್ಚರವು ಕನ್ನಡದೊಳಗೂ ಬೇಕು. ಶೇಡಬಾಳದ ಆಡುಮಾತಿನಲ್ಲಿ 'ಅಂವ ಬಂದ' ಎಂದರೆ ಅವನು ಬಂದನು. 'ಅಂವ ಬಂದಾನ' ಎಂದರೆ ಅವನು ಬಂದಿದ್ದಾನೆ, ಈಗ ಇಲ್ಲಿಯೇ ಇದ್ದಾನೆ. ಆದರೆ ಗ್ರಾಂಥಿಕ ಕನ್ನಡದಲ್ಲಿ 'ಬಂದಾನು' ಎಂಬುದು ಸಂಭಾವನಾರ್ಥಕ ರೂಪ. ಬಂದರೂ ಬರಬಹುದೆಂಬುದು ಅದರ ಅರ್ಥ. ಮೈಸೂರಿನ ಕಡೆಯವನು 'ಬಂದಾನ' ಎಂಬುದನ್ನು ಹಾಗೆಂದು ತಿಳಿದರೆ, ಮನೆಯೊಳಗೆ ಕುಳಿತಿರುವ ಅತಿಥಿಗಾಗಿ ರೈಲು ನಿಲ್ದಾಣದಲ್ಲಿ ಕಾಯಬೇಕಾದೀತು!

ಈಗ ಸ್ಪೇನ್ ದೇಶದಲ್ಲಿ ಹುಟ್ಟಿ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಹುಪಾಲು ದೇಶಗಳಿಗೆ ಹಬ್ಬಿದ ಸ್ಪ್ಯಾನಿಷ್ ಭಾಷೆಯನ್ನು ನೋಡಬಹುದು. ಅದನ್ನು ಕಲಿಯುವ ಇಂಗ್ಲಿಷರಿಗೆ ಅತಿ ಕಠಿಣವಾಗಿ ತೋರುವ ವಿಷಯಗಳಲ್ಲಿ ಅದರ ಎರಡು ಭೂತಕಾಲಗಳೂ ಸೇರಿವೆ. 'ಫುಯಿ' ಎಂದರೆ ಹೋದೆನು. 'ಇಬಾ' ಎಂದರೆ ಹೋಗುತ್ತಿದ್ದೆನು. 'ನಿನ್ನೆ ಹೊಳೆಗೆ ಹೋದೆನು' ಎಂಬಲ್ಲಿ ಮೊದಲನೆಯದು ಬರುತ್ತದೆ. 'ಚಿಕ್ಕವನಿದ್ದಾಗ ದಿನವೂ ಹೊಳೆಗೆ ಹೋಗುತ್ತಿದ್ದೆನು' ಎಂಬಲ್ಲಿ ಎರಡನೆಯದು ಬರುತ್ತದೆ. ಮುಗಿದ ಘಟನೆಗೆ ಒಂದು, ರೂಢಿಗೂ ಹಿನ್ನೆಲೆಯ ಸ್ಥಿತಿಗೂ ಇನ್ನೊಂದು. ಕನ್ನಡಿಗನಿಗೆ ಇದು ಹೊಸತಲ್ಲ. ಅವನ ಭಾಷೆಯಲ್ಲಿಯೇ ಈ ಭೇದವು ಸ್ಪಷ್ಟವಾಗಿದೆ.

ಇನ್ನೊಂದು ಉದಾಹರಣೆಯು ಇದಕ್ಕಿಂತಲೂ ಸ್ವಾರಸ್ಯವಾದುದು. ಸ್ಪ್ಯಾನಿಷಿನಲ್ಲಿ 'ತಿಳಿ' ಎಂಬರ್ಥದ ಒಂದೇ ಧಾತುವಿನಿಂದ 'ಸಬೀಆ', 'ಸುಪೆ' ಎಂಬ ಎರಡು ರೂಪಗಳು ಆಗುತ್ತವೆ. ಇಂಗ್ಲಿಷಿನವರು ಇವೆರಡಕ್ಕೆ ಎರಡು ಬೇರೆ ಕ್ರಿಯಾಪದಗಳನ್ನು ಹುಡುಕಬೇಕಾಗುತ್ತದೆ. ಕನ್ನಡದಲ್ಲಿ 'ಗೊತ್ತಿತ್ತು', 'ಗೊತ್ತಾಯಿತು' ಎಂದರೆ ಸಾಕು. ಹಾಗೆಯೇ 'ಕೊನೊಸೀಆ' ಎಂದರೆ ಪರಿಚಯವಿತ್ತು, 'ಕೊನೊಸೀ' ಎಂದರೆ ಪರಿಚಯವಾಯಿತು. 'ಇತ್ತು' ಎಂಬುದು ಸ್ಥಿತಿ. 'ಆಯಿತು' ಎಂಬುದು ಘಟನೆ.

ಆದರೆ ಕನ್ನಡವೇ ಎಲ್ಲೆಡೆ ದಾರಿ ತೋರದು. 'ಆಗ ಮನೆಯಲ್ಲಿ ಇದ್ದೆನು', 'ಎರಡು ವರ್ಷ ಆ ಊರಿನಲ್ಲಿ ಇದ್ದೆನು' ಎಂಬ ಎರಡೂ ಕಡೆ ಕನ್ನಡವು 'ಇದ್ದೆನು' ಎಂದೇ ಹೇಳುತ್ತದೆ. ಸ್ಪ್ಯಾನಿಷಿನಲ್ಲಿ ಮೊದಲನೆಯದು 'ಎಸ್ತಾಬಾ', ಎರಡನೆಯದು 'ಎಸ್ತುಬೆ'. ಎರಡು ವರ್ಷವೆಂಬುದು ದೀರ್ಘಕಾಲವಾದರೂ ಅದಕ್ಕೆ ಆರಂಭವೂ ಅಂತ್ಯವೂ ಉಂಟು. ಆ ಕಾಲವು ಮುಗಿದುಹೋಯಿತು. ಕ್ರಿಯೆಯು ಎಷ್ಟು ಹೊತ್ತು ನಡೆಯಿತೆಂಬುದು ಇಲ್ಲಿ ಮುಖ್ಯವಲ್ಲ. ಹೇಳುವವನು ಅದನ್ನು ಮುಗಿದುದೆಂದು ಹೊರಗಿನಿಂದ ನೋಡುವನೋ, ನಡೆಯುತ್ತಿರುವುದೆಂದು ಒಳಗಿನಿಂದ ನೋಡುವನೋ ಎಂಬುದೇ ಮುಖ್ಯ. ಸ್ಪ್ಯಾನಿಷ್ ಮನೆಮಾತಿನ ಚಿಕ್ಕ ಮಕ್ಕಳೂ ಎಡವದೆ ಕಲಿಯುವುದಿಲ್ಲ. 'ಮುರಿದ' ಎಂಬುದಕ್ಕೆ 'ರೊತೊ' ಎನ್ನುವ ಬದಲು, ಸಾಮಾನ್ಯ ನಿಯಮವನ್ನು ಅನ್ವಯಿಸಿ 'ರೊಂಪಿದೊ' ಎಂದು ಹೇಳುವರು. ನಿಯಮವನ್ನು ಗ್ರಹಿಸಿದ ಮಗುವೇ ಇಂಥ ತಪ್ಪನ್ನು ಮಾಡುತ್ತದೆ.

ಭೂತಕಾಲದ ಸರಿ-ತಪ್ಪುಗಳು ಕೇವಲ ಪರೀಕ್ಷೆಯ ಅಂಕಗಳಿಗೆ ಸಂಬಂಧಿಸಿದುವಲ್ಲ. ಶೇಡಬಾಳದ ಸೀಮೆಯಿಂದ ಜನರು ಚಿಕಿತ್ಸೆಗಾಗಿ ಮಿರಜಕ್ಕೆ ಹೋಗುತ್ತಾರೆ. ಅಲ್ಲಿ ವೈದ್ಯರೊಡನೆ ಮರಾಠಿಯಲ್ಲಿ ಮಾತನಾಡಬೇಕಾಗಿ ಬರಬಹುದು. 'ಔಷಧ ಘೇತಲೇ' ಎಂದರೆ ಔಷಧವನ್ನು ತೆಗೆದುಕೊಂಡೆನು. 'ಔಷಧ ಘೇತ ಹೋತೋ' ಎಂದರೆ ತೆಗೆದುಕೊಳ್ಳುತ್ತಿದ್ದೆನು. ಒಮ್ಮೆ ತೆಗೆದುಕೊಂಡನೋ, ದಿನವೂ ತೆಗೆದುಕೊಳ್ಳುತ್ತಿದ್ದು ಈಗ ಬಿಟ್ಟಿದ್ದಾನೋ ಎಂಬುದು ಕ್ರಿಯಾಪದದ ಒಂದು ತುದಿಯಲ್ಲಿದೆ. ಚಿಕಿತ್ಸೆಯ ನಿರ್ಧಾರವು ಅದನ್ನು ಅವಲಂಬಿಸೀತು. ನ್ಯಾಯಾಲಯದಲ್ಲಿ ಸಾಕ್ಷಿಯು 'ಬಂದಾಗ ಬಾಗಿಲು ತೆರೆಯಿತು' ಎನ್ನುವುದಕ್ಕೂ 'ಬಂದಾಗ ಬಾಗಿಲು ತೆರೆದಿತ್ತು' ಎನ್ನುವುದಕ್ಕೂ ಬಹಳ ಅಂತರವಿದೆ. 'ಸಾಲವನ್ನು ತೀರಿಸಿದೆನು' ಎಂದವನು ಋಣಮುಕ್ತನು. 'ತೀರಿಸುತ್ತಿದ್ದೆನು' ಎಂದವನ ತಲೆಯ ಮೇಲೆ ಭಾರವು ಇನ್ನೂ ಉಳಿದಿರಬಹುದು.

ಹಾಗಾದರೆ ಅನ್ಯಭಾಷೆಯ ಭೂತಕಾಲವನ್ನು ಕಲಿಯುವ ಮಾರ್ಗವೇನು? ಮೊದಲನೆಯದಾಗಿ, ನಿತ್ಯ ಬಳಕೆಯ ಧಾತುಗಳನ್ನು ಬಿಡಿಯಾಗಿ ಬಾಯಿಪಾಠ ಮಾಡದೆ ಪೂರ್ಣ ವಾಕ್ಯಗಳಲ್ಲಿ ಅಭ್ಯಾಸ ಮಾಡಬೇಕು. ಎರಡನೆಯದಾಗಿ, ಒಂದೇ ತೆರನಾದವುಗಳನ್ನು ಗುಂಪುಗೂಡಿಸಿ, ನಿಯಮವನ್ನು ತಾನೇ ಕಂಡುಕೊಳ್ಳಬೇಕು. ಮೂರನೆಯದಾಗಿ, ಆ ದಿನ ನಡೆದ ನಾಲ್ಕು ಸಂಗತಿಗಳನ್ನು ಪ್ರತಿರಾತ್ರಿ ಆ ಭಾಷೆಯಲ್ಲಿ ಬರೆಯಬೇಕು. ಕೊನೆಯದಾಗಿ, ತಪ್ಪಿಗೆ ಅಂಜಿ ಬಾಯಿ ಮುಚ್ಚಿಕೊಳ್ಳಬಾರದು. ಶೇಡಬಾಳದಲ್ಲಿ 1925ರಲ್ಲಿ ಜನಿಸಿದ ಬಾಲಕನೊಬ್ಬನು ಮುಂದೆ ವಿದ್ಯಾನಂದ ಮುನಿಗಳೆಂದು ಪ್ರಸಿದ್ಧನಾಗಿ ಉತ್ತರ ಭಾರತದ ದೊಡ್ಡ ಸಭೆಗಳಲ್ಲಿ ಹಿಂದಿಯಲ್ಲಿ ಪ್ರವಚನ ಮಾಡಿದನು. ಗಡಿನಾಡಿನ ಕಿವಿಗೆ ದೂರದ ಭಾಷೆಯೂ ಒಲಿಯಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ನೆರೆಯವನ ಭಾಷೆಯಲ್ಲಿ 'ಬಂದೆನು, ಕಂಡೆನು, ಕೊಟ್ಟೆನು' ಎಂದು ಹೇಳಬಲ್ಲವನು ತನ್ನ ಕಥೆಯನ್ನು ಅವನಿಗೆ ಹೇಳಬಲ್ಲನು. ಅವನ ಕಥೆಯನ್ನು ಕೇಳಿ ತಿಳಿಯಲೂ ಬಲ್ಲನು.

ಅಭ್ಯಾಸ

ಅ) ಈ ಪ್ರಶ್ನೆಗಳಿಗೆ ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕನ್ನಡ ಕ್ರಿಯಾಪದದ ಮೂರು ಭಾಗಗಳು ಯಾವುವು?
2. 'ಲಾನಾ' ಎಂಬ ಧಾತುವಿಗೆ 'ನೇ' ಏಕೆ ಹತ್ತುವುದಿಲ್ಲ?
3. 'ಕುವಲಯಮಾಲಾ' ಗ್ರಂಥದಲ್ಲಿ ಮಹಾರಾಷ್ಟ್ರದ ವ್ಯಾಪಾರಿಗಳನ್ನು ಯಾವ ಬಗೆಯ ಪದಗಳಿಂದ ಗುರುತಿಸಲಾಗಿದೆ?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. 'ಮೈಂ ರೋಟೀ ಖಾಯಾ' ಎಂಬುದು ಒಂದೆಡೆ ತಪ್ಪು, ಇನ್ನೊಂದೆಡೆ ಸಹಜ. ಹೇಗೆ?
2. ಕುಪವಾಡದ ಭಾಷೆಗಳಲ್ಲಿ ವಿದ್ವಾಂಸರು ಕಂಡ ವಿಶೇಷವೇನು?

ಇ) ಭಾಷಾಭ್ಯಾಸ
1. ತೊಡು, ಕಾಡು, ಕೂಡು, ಪಡು, ಮಿಗು, ಸಾಗು: ಈ ಧಾತುಗಳ ಭೂತಕಾಲದ ರೂಪಗಳನ್ನು ಬರೆದು, ಪಾಠದಲ್ಲಿ ಹೇಳಿದ ನಿಯಮಕ್ಕೆ ಹೊಂದುವುವೇ ಪರೀಕ್ಷಿಸಿರಿ.
2. 'ಗೊತ್ತಿತ್ತು – ಗೊತ್ತಾಯಿತು' ಎಂಬಂತೆ ಸ್ಥಿತಿಯನ್ನೂ ಘಟನೆಯನ್ನೂ ಸೂಚಿಸುವ ಇನ್ನು ಮೂರು ಜೋಡಿಗಳನ್ನು ಬರೆಯಿರಿ.
3. ನಿಮ್ಮ ಊರಿನ ಆಡುಮಾತಿನಲ್ಲಿ 'ಬಂದನು', 'ಬಂದಿದ್ದಾನೆ', 'ಬಂದಿದ್ದನು', 'ಬರುತ್ತಿದ್ದನು' ಎಂಬುವನ್ನು ಹೇಗೆ ಹೇಳುವರೆಂದು ಹಿರಿಯರಿಂದ ಕೇಳಿ ಬರೆಯಿರಿ.